ಮದ್ದು ನಿಲ್ಲುವ ನೆಲೆ

ನಮ್ಮ ಊರುಗಳ ಹಾಳುಬಿದ್ದ ನಿವೇಶನಗಳಲ್ಲಿಯೂ ದಾರಿಯ ಬದಿಯ ತಿಪ್ಪೆಗಳ ಮೇಲೆಯೂ ತಾನೇ ತಾನಾಗಿ ಬೆಳೆಯುವ ಮದಗುಣಿಕೆಯ ಗಿಡವನ್ನು ನೋಡದವರು ವಿರಳ. ದತ್ತೂರಿಯೆಂದೂ ಉಮ್ಮತ್ತಿಯೆಂದೂ ಅದಕ್ಕೆ ಬೇರೆ ಹೆಸರುಗಳುಂಟು. ಶಿವಪೂಜೆಗೆಂದು ಅದರ ಹೂವನ್ನು ಬಿಡಿಸಿ ತರುವ ಹಿರಿಯರೇ ಅದರ ಮುಳ್ಳುಕಾಯಿಯನ್ನು ಮಕ್ಕಳು ಮುಟ್ಟದಂತೆ ಗದರಿಸುತ್ತಾರೆ. ಅದಕ್ಕೆ ಕಾರಣವುಂಟು. ಆ ಬೀಜ ಹೊಟ್ಟೆಗೆ ಹೋದವನ ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಕಣ್ಣಿನ ಪಾಪೆ ಅಗಲವಾಗಿ ಬೆಳಕನ್ನು ಸಹಿಸಲಾರದೆ ಹೋಗುತ್ತದೆ. ಗುಂಡಿಗೆ ಓಟ ಹೊಡೆದವನ ಗುಂಡಿಗೆಯಂತೆ ಬಡಿದುಕೊಳ್ಳುತ್ತದೆ. ಕಡೆಗೆ ಅವನು ಇಲ್ಲದವರೊಡನೆ ಮಾತನಾಡುತ್ತ, ಗಾಳಿಯಲ್ಲಿ ಏನನ್ನೋ ಹೆಕ್ಕುತ್ತ ಕುಳಿತುಬಿಡುತ್ತಾನೆ. ಸಂಸ್ಕೃತದಲ್ಲಿ ಈ ಗಿಡಕ್ಕೆ ಉನ್ಮತ್ತವೆಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ.

ನಾವು ಕಾಲೇಜಿನಲ್ಲಿ ಇತಿಹಾಸವನ್ನು ಬೋಧಿಸುವವರು, ಔಷಧಗಳನ್ನು ಅರೆಯುವವರಲ್ಲ. ಆದರೂ ಇಲ್ಲಿ ಒಂದು ಪ್ರಶ್ನೆ ಯಾರಿಗಾದರೂ ಹುಟ್ಟುವಂಥದು. ಜೊಲ್ಲಿನ ಗ್ರಂಥಿಗೂ ಕಣ್ಣಿನ ಪಾಪೆಗೂ ಹೃದಯಕ್ಕೂ ಮೆದುಳಿಗೂ ತಮ್ಮತಮ್ಮೊಳಗೆ ಏನು ನಂಟು? ಒಂದೇ ಬೀಜದ ಸತ್ತ್ವವು ಈ ನಾಲ್ಕನ್ನೂ ಆರಿಸಿಕೊಂಡು ಹಿಡಿಯುವುದೇಕೆ, ಮಿಕ್ಕ ಅಂಗಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುವುದೇಕೆ? ಇಂದಿನ ಶಾಸ್ತ್ರಜ್ಞರು ಇದಕ್ಕೆ ಕೊಡುವ ಉತ್ತರ ಚಿಕ್ಕದು. ಆ ಅಂಗಗಳ ಜೀವಕೋಶಗಳ ಹೊರಮೈಯಲ್ಲಿ ಒಂದೇ ಮನೆತನಕ್ಕೆ ಸೇರಿದ ಕೆಲವು ನೆಲೆಗಳಿವೆ. ಮದ್ದಿನ ಅಣು ಅಲ್ಲಿ ಬಂದು ಕೂಡುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ರಿಸೆಪ್ಟರ್ ಎನ್ನುತ್ತಾರೆ; ನಾವು ಗ್ರಾಹಿ ಎನ್ನೋಣ. ಈ ಮನೆತನಕ್ಕೆ ಮಸ್ಕರಿನಿಕ್ ಗ್ರಾಹಿಗಳೆಂದು ಹೆಸರು. ಉತ್ತರವೇನೋ ಚಿಕ್ಕದಾಯಿತು. ಆದರೆ ಈ ಗ್ರಾಹಿಗಳನ್ನು ಯಾರೊಬ್ಬರೂ ಕಾಣುವುದಕ್ಕೆ ನೂರು ವರ್ಷಗಳಿಗೂ ಮೊದಲೇ ಅವು ಇರಬೇಕೆಂದು ಊಹಿಸಿದವರಿದ್ದರು. ಊಹೆ ಹುಟ್ಟಿದ್ದು ಹೇಗೆ, ಅದು ವಸ್ತುವಾಗಿ ಕೈಗೆ ಸಿಕ್ಕಿದ್ದು ಹೇಗೆ, ಸಿಕ್ಕಿದುದರಿಂದ ರೋಗಿಗೆ ಬಂದ ಫಲವೇನು ಎಂಬುದನ್ನು ಈ ಭಾಷಣದಲ್ಲಿ ವಿಚಾರ ಮಾಡೋಣ.

ಮದಗುಣಿಕೆಯ ದಾಯಾದಿಯೊಂದು ಯೂರೋಪಿನಲ್ಲಿಯೂ ಬೆಳೆಯುತ್ತದೆ. ಅದರ ಹೆಸರು ಬೆಲ್ಲಡೋನ. ಇಟಲಿಯ ಮಾತಿನಲ್ಲಿ ಚೆಲುವೆಯೆಂದು ಅರ್ಥ. ಸಸ್ಯಗಳಿಗೆಲ್ಲ ನಾಮಕರಣ ಮಾಡಿದ ಲಿನೇಯಸ್ ಪಂಡಿತನು ಆ ಗಿಡದ ಕುಲಕ್ಕೆ ಅಟ್ರೋಪ ಎಂಬ ಹೆಸರನ್ನಿಟ್ಟನು. ಗ್ರೀಕರ ಪುರಾಣದಲ್ಲಿ ಆಯುಸ್ಸಿನ ನೂಲನ್ನು ಕತ್ತರಿಸುವ ದೇವತೆ ಅಟ್ರೋಪಾಸ್. ಆ ಗಿಡಕ್ಕೆ ತಕ್ಕ ಹೆಸರೇ ಸರಿ. 1831ರ ಸುಮಾರಿಗೆ ಜರ್ಮನಿಯ ಮೈನ್ ಎಂಬ ಔಷಧ ವ್ಯಾಪಾರಿಯು ಅದರಿಂದ ಅಟ್ರೋಪಿನ್ ಎಂಬ ಸತ್ತ್ವವನ್ನು ಶುದ್ಧರೂಪದಲ್ಲಿ ತೆಗೆದನು. ಮದಗುಣಿಕೆಯ ಬೀಜದಲ್ಲಿರುವುದೂ ಅದೇ ಬಗೆಯ ಸತ್ತ್ವ.

ಇದಕ್ಕೆ ನೇರ ವಿರೋಧಿಯಾದ ಇನ್ನೊಂದು ವಿಷ ದೊರೆತದ್ದು ಅಣಬೆಯಿಂದ. ಕೆಂಪು ಕೊಡೆಯ ಮೇಲೆ ಬಿಳಿಯ ಚುಕ್ಕೆಗಳಿರುವ ಒಂದು ಅಣಬೆಯನ್ನು ಯೂರೋಪಿನ ಜನ ನೊಣಗಳನ್ನು ಕೊಲ್ಲಲು ಬಳಸುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ ನೊಣಕ್ಕೆ ಮಸ್ಕ ಎಂದು ಹೆಸರು. 1869ರಲ್ಲಿ, ಆಗ ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿದ್ದು ಈಗ ಎಸ್ಟೋನಿಯ ದೇಶದಲ್ಲಿರುವ ಡೋರ್ಪಾಟ್ ನಗರದ ವಿಶ್ವವಿದ್ಯಾನಿಲಯದಲ್ಲಿ ಷ್ಮೀಡೆಬರ್ಗ್ ಮತ್ತು ಕೋಪ್ಪೆ ಎಂಬಿಬ್ಬರು ಈ ಅಣಬೆಯ ಸತ್ತ್ವವನ್ನು ತೆಗೆದು ಮಸ್ಕರಿನ್ ಎಂದು ಕರೆದರು. ಅದನ್ನು ಕಪ್ಪೆಯ ಹೃದಯಕ್ಕೆ ಕೊಟ್ಟರೆ ಬಡಿತ ನಿಧಾನವಾಗುತ್ತ ಬಂದು, ಹೃದಯವು ಸಡಿಲಗೊಂಡ ಸ್ಥಿತಿಯಲ್ಲಿಯೇ ನಿಂತುಹೋಗುತ್ತಿತ್ತು. ನಿಂತ ಹೃದಯಕ್ಕೆ ಅಟ್ರೋಪಿನನ್ನು ಹಾಕಿದರೆ ಅದು ಮತ್ತೆ ಬಡಿಯತೊಡಗುತ್ತಿತ್ತು. ವೇಗಸ್ ಎಂಬ ನರವನ್ನು ವಿದ್ಯುತ್ತಿನಿಂದ ಕೆಣಕಿದರೆ ಹೃದಯ ನಿಲ್ಲುತ್ತದೆಂಬುದನ್ನು 1845ರಲ್ಲಿಯೇ ವೇಬರ್ ಸಹೋದರರು ತೋರಿಸಿದ್ದರು. ಹಾಗಾದರೆ ಕಾಡಿನ ಅಣಬೆಯೊಂದರ ರಸವು ದೇಹದ ಒಳಗಿನ ನರದ ಕೆಲಸವನ್ನೇ ಮಾಡಿ ತೋರಿಸಿದಂತಾಯಿತು. ಆ ಅಣಬೆಯಲ್ಲಿ ಮಸ್ಕರಿನ್ ಇರುವುದು ಅತ್ಯಲ್ಪವೆಂದೂ, ಅದನ್ನು ತಿಂದವರ ತಲೆ ಕೆಡಿಸುವುದು ಬೇರೆ ಸತ್ತ್ವಗಳೆಂದೂ ಮುಂದೆ ಗೊತ್ತಾಯಿತು. ಇತಿಹಾಸದಲ್ಲಿ ಇಂಥ ವಿನೋದಗಳು ಹೊಸವಲ್ಲ. ಹೆಸರು ಮಾತ್ರ ಉಳಿದುಕೊಂಡಿತು.

ಎರಡು ವಿಷಗಳು ಒಂದನ್ನೊಂದು ತೊಡೆದುಹಾಕುವುದು ಹೇಗೆ? ಈ ಪ್ರಶ್ನೆಯನ್ನು ಸರಿಯಾದ ದಾರಿಯಲ್ಲಿ ಹಿಡಿದವನು ಕೇಂಬ್ರಿಜ್ಜಿನ ಜಾನ್ ಲ್ಯಾಂಗ್ಲಿ. 1878ರಲ್ಲಿ, ಇನ್ನೂ ಇಪ್ಪತ್ತೈದು ಇಪ್ಪತ್ತಾರರ ತರುಣನಾಗಿದ್ದ ಆತನು ಬೆಕ್ಕಿನ ಜೊಲ್ಲಿನ ಗ್ರಂಥಿಯ ಮೇಲೆ ಪ್ರಯೋಗ ನಡೆಸಿದನು. ಬ್ರೆಜಿಲ್ ದೇಶದ ಗಿಡವೊಂದರಿಂದ ಬಂದ ಪೈಲೋಕಾರ್ಪಿನ್ ಎಂಬ ಮದ್ದು ಜೊಲ್ಲನ್ನು ಸುರಿಸುತ್ತಿತ್ತು. ಅಟ್ರೋಪಿನ್ ಅದನ್ನು ನಿಲ್ಲಿಸುತ್ತಿತ್ತು. ಪೈಲೋಕಾರ್ಪಿನನ್ನು ಹೆಚ್ಚಾಗಿ ಕೊಟ್ಟರೆ ಜೊಲ್ಲು ಮತ್ತೆ ಹರಿಯುತ್ತಿತ್ತು. ಯಾವುದರ ಪ್ರಮಾಣ ಮೇಲಾಯಿತೋ ಅದರದೇ ಗೆಲವು. ಇದನ್ನು ಕಂಡು ಲ್ಯಾಂಗ್ಲಿಯು ಬಹಳ ಎಚ್ಚರಿಕೆಯಿಂದ ಒಂದು ತೀರ್ಮಾನಕ್ಕೆ ಬಂದನು. ನರದ ತುದಿಯಲ್ಲಿಯೋ ಗ್ರಂಥಿಯ ಜೀವಕೋಶದಲ್ಲಿಯೋ ಯಾವುದೋ ಒಂದು ಪದಾರ್ಥವಿರಬೇಕು. ಎರಡು ಮದ್ದುಗಳೂ ಅದರೊಡನೆ ಕೂಡಿಕೊಳ್ಳಬಲ್ಲವು. ಯಾವುದು ಎಷ್ಟು ಕೂಡುವುದೆಂಬುದು ಅವುಗಳ ಪ್ರಮಾಣವನ್ನೂ, ಆ ಪದಾರ್ಥದ ಮೇಲೆ ಅವುಗಳಿಗಿರುವ ಒಲವನ್ನೂ ಅವಲಂಬಿಸಿದೆ. 1905ರಲ್ಲಿ ಬೇರೊಂದು ಪ್ರಯೋಗದ ಸಂದರ್ಭದಲ್ಲಿ ಆತನು ಇಂಥ ಪದಾರ್ಥವನ್ನು ಗ್ರಹಿಸುವ ದ್ರವ್ಯವೆಂದು ಕರೆದನು. ಅದೇ ಕಾಲದಲ್ಲಿ ಜರ್ಮನಿಯಲ್ಲಿ ಪೌಲ್ ಏರ್ಲಿಕ್ ಎಂಬ ಮಹಾಪಂಡಿತನು ರೋಗನಿರೋಧದ ವಿಚಾರ ಮಾಡುತ್ತ ರಿಸೆಪ್ಟರ್ ಎಂಬ ಮಾತನ್ನು ಬಳಕೆಗೆ ತಂದನು.

ಇಷ್ಟಾದರೂ ಒಂದು ಸಂದೇಹ ಉಳಿಯಿತು. ಬೆಕ್ಕಿನ ಗ್ರಂಥಿಯಲ್ಲಾಗಲಿ ಮನುಷ್ಯನ ಹೃದಯದಲ್ಲಾಗಲಿ ಇರುವ ನೆಲೆ ಯೂರೋಪಿನ ಅಣಬೆಗೋಸ್ಕರ ನಿರ್ಮಿತವಾಗಿರಲಾರದಷ್ಟೆ. ಅದಕ್ಕೆ ದೇಹದೊಳಗಿನ ಒಡೆಯನೊಬ್ಬನಿರಬೇಕು. 1906ರಲ್ಲಿ ಹಂಟ್ ಮತ್ತು ಟಾವೋ ಎಂಬ ಅಮೆರಿಕನ್ನರು ಅಸಿಟೈಲ್‌ಕೋಲೀನ್ ಎಂಬ ಪದಾರ್ಥವು ಅತ್ಯಲ್ಪ ಪ್ರಮಾಣದಲ್ಲಿಯೇ ರಕ್ತದ ಒತ್ತಡವನ್ನು ಇಳಿಸುತ್ತದೆಂದು ತೋರಿಸಿದರು. 1914ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಆ ಪದಾರ್ಥಕ್ಕೆ ಎರಡು ಮುಖಗಳಿರುವುದನ್ನು ಕಂಡನು. ಹೃದಯ, ಗ್ರಂಥಿ, ಕರುಳುಗಳಲ್ಲಿ ಅದು ಮಸ್ಕರಿನಿನಂತೆ ವರ್ತಿಸಿ ಅಟ್ರೋಪಿನಿಗೆ ಮಣಿಯುತ್ತದೆ. ನರಗಳ ಗಂಟುಗಳಲ್ಲಿ ಹೊಗೆಸೊಪ್ಪಿನ ನಿಕೊಟಿನಿನಂತೆ ವರ್ತಿಸುತ್ತದೆ. ಮಸ್ಕರಿನಿಕ್ ಎಂಬ ವಿಶೇಷಣ ಶಾಸ್ತ್ರದಲ್ಲಿ ನೆಲೆಯೂರಿದ್ದು ಆಗಿನಿಂದ.

ಆ ಒಡೆಯನು ಸಾಕ್ಷಾತ್ತಾಗಿ ಸಿಕ್ಕಿಬಿದ್ದದ್ದು 1921ರಲ್ಲಿ, ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ. ಆಟೋ ಲೋವಿ ಎಂಬ ಪ್ರಾಧ್ಯಾಪಕನು ತಾನೇ ಹೇಳಿರುವ ಕಥೆ ಪ್ರಸಿದ್ಧವಾಗಿದೆ. ಒಂದು ರಾತ್ರಿ ಕನಸಿನಲ್ಲಿ ಪ್ರಯೋಗವೊಂದು ಹೊಳೆದು, ಎದ್ದು ಚೀಟಿಯಲ್ಲಿ ಗೀಚಿಟ್ಟು ಮಲಗಿದನಂತೆ. ಬೆಳಗಾದ ಮೇಲೆ ತನ್ನ ಬರಹ ತನಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು ಬೀಳಲು, ಈ ಸಲ ಚೀಟಿಯನ್ನು ನಂಬದೆ ಮೂರು ಗಂಟೆಯ ಹೊತ್ತಿಗೇ ಪ್ರಯೋಗಶಾಲೆಗೆ ನಡೆದನು. ಎರಡು ಕಪ್ಪೆಗಳ ಹೃದಯಗಳನ್ನು ಉಪ್ಪುನೀರಿನಲ್ಲಿರಿಸಿ, ಮೊದಲನೆಯದರ ವೇಗಸ್ ನರವನ್ನು ಕೆಣಕಿದನು. ಅದರ ಬಡಿತ ತಗ್ಗಿತು. ಅದರೊಳಗಿನ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದನು. ಯಾವ ನರವನ್ನೂ ಮುಟ್ಟದಿದ್ದರೂ ಅದರ ಬಡಿತವೂ ತಗ್ಗಿತು. ನರವು ತನ್ನ ತುದಿಯಿಂದ ಒಂದು ರಸವನ್ನು ಸುರಿಸಿ ಹೃದಯಕ್ಕೆ ಆಜ್ಞೆ ಮಾಡುತ್ತದೆಂಬುದು ಹೀಗೆ ತಿಳಿಯಿತು. ಆ ರಸ ಅಸಿಟೈಲ್‌ಕೋಲೀನೇ ಎಂಬುದು ಕೆಲವು ವರ್ಷಗಳಲ್ಲಿ ಸ್ಥಿರಪಟ್ಟು, 1936ರಲ್ಲಿ ಲೋವಿಗೂ ಡೇಲನಿಗೂ ನೊಬೆಲ್ ಬಹುಮಾನ ಸಂದಿತು. ಯೆಹೂದ್ಯನಾಗಿದ್ದ ಲೋವಿಯನ್ನು 1938ರಲ್ಲಿ ನಾಟ್ಸಿಗಳು ಸೆರೆಹಿಡಿದು, ಆ ಬಹುಮಾನದ ಹಣವನ್ನು ತಮ್ಮ ವಶದ ಬ್ಯಾಂಕಿಗೆ ವರ್ಗಾಯಿಸುವಂತೆ ಬಲವಂತ ಮಾಡಿ, ಆ ಬಳಿಕವೇ ದೇಶ ಬಿಡಗೊಟ್ಟರು.

ಇಲ್ಲಿಯವರೆಗಿನ ಕಥೆಯಲ್ಲಿ ಲೆಕ್ಕಾಚಾರ ಬರಲಿಲ್ಲ. ಅದನ್ನು ತಂದವನು ಆಲ್ಫ್ರೆಡ್ ಜೋಸೆಫ್ ಕ್ಲಾರ್ಕ್. 1926ರಲ್ಲಿ ಆತನು ಕಪ್ಪೆಯ ಹೃದಯದ ಪಟ್ಟಿಗಳಿಗೆ ಅಸಿಟೈಲ್‌ಕೋಲೀನನ್ನು ಅಳೆದು ಅಳೆದು ಕೊಟ್ಟು, ಪ್ರಮಾಣಕ್ಕೂ ಪರಿಣಾಮಕ್ಕೂ ಇರುವ ಸಂಬಂಧವನ್ನು ರೇಖೆಯಾಗಿ ಬರೆದನು. ಒಂದು ಸಭಾಂಗಣದಲ್ಲಿ ಆಸನಗಳು ಇಂತಿಷ್ಟೇ ಇದ್ದು, ಹೊರಗಿನಿಂದ ಜನ ಬಂದು ಕೂಡುತ್ತ ಏಳುತ್ತ ಇದ್ದರೆ ಯಾವ ನಿಯಮ ನಡೆಯುವುದೋ ಅದೇ ನಿಯಮ ಇಲ್ಲಿ ನಡೆಯಿತು. ಮೊದಮೊದಲು ಬಂದವರೆಲ್ಲರಿಗೂ ಸ್ಥಳ ಸಿಗುತ್ತದೆ. ಸಭೆ ತುಂಬುತ್ತ ಬಂದಂತೆ ಎಷ್ಟು ಜನ ನೂಕಿದರೂ ಕುಳಿತವರ ಸಂಖ್ಯೆ ಏರುವುದು ಸ್ವಲ್ಪವೇ. ಅಸಿಟೈಲ್‌ಕೋಲೀನಿನೊಡನೆ ಅಟ್ರೋಪಿನನ್ನೂ ಬೆರೆಸಿ ನೋಡಿದಾಗ, ಬಹುವಿಸ್ತಾರವಾದ ಮಿತಿಯೊಳಗೆ ಫಲವನ್ನು ನಿರ್ಣಯಿಸುತ್ತಿದ್ದುದು ಎರಡರ ಪರಸ್ಪರ ಪ್ರಮಾಣವೇ ಆಗಿತ್ತು. ಲ್ಯಾಂಗ್ಲಿಯ ಅಂದಾಜಿಗೆ ಕ್ಲಾರ್ಕನು ಗಣಿತದ ಮುದ್ರೆಯೊತ್ತಿದನು. ತರುವಾಯ 1937ರಲ್ಲಿ ಗ್ಯಾಡಮ್ಮನೂ 1947ರಲ್ಲಿ ಷಿಲ್ಡನೂ ಆ ಗಣಿತವನ್ನು ಇನ್ನಷ್ಟು ಹರಿತಮಾಡಿದರು.

ಈ ಲೆಕ್ಕ ಪುಸ್ತಕದಲ್ಲಿ ಮಾತ್ರ ಇರುವುದೆಂದು ಶ್ರೋತೃಗಳು ತಿಳಿಯಬಾರದು. ಬೆಳೆಗೆ ಸಿಂಪಡಿಸುವ ಕೆಲವು ಕೀಟನಾಶಕಗಳು ಮನುಷ್ಯನ ದೇಹವನ್ನು ಸೇರಿದರೆ, ಅಸಿಟೈಲ್‌ಕೋಲೀನನ್ನು ಕರಗಿಸುವ ಕಿಣ್ವವು ಕೆಟ್ಟುಹೋಗಿ ಆ ರಸ ಎಲ್ಲೆಲ್ಲಿಯೂ ಶೇಖರವಾಗುತ್ತದೆ. ಹೃದಯ ಕುಗ್ಗುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ನಮ್ಮ ಜಿಲ್ಲೆಗಳ ಆಸ್ಪತ್ರೆಗಳಿಗೆ ಇಂಥ ರೋಗಿಗಳು ಬರುವುದು ಅಪರೂಪವಲ್ಲ. ವೈದ್ಯರು ಮೊದಲು ಕೈಗೆತ್ತಿಕೊಳ್ಳುವುದು ಅಟ್ರೋಪಿನನ್ನು. ಶ್ವಾಸಕೋಶ ಒಣಗಿ ಗುಂಡಿಗೆಯ ಬಡಿತ ಚೇತರಿಸುವವರೆಗೆ ಪ್ರಮಾಣವನ್ನು ಇಮ್ಮಡಿಸುತ್ತಲೇ ಹೋಗುತ್ತಾರೆ. ಆರೋಗ್ಯವಂತನಿಗೆ ಕೊಟ್ಟರೆ ಉನ್ಮಾದ ಹಿಡಿಯುವಷ್ಟು ಅಟ್ರೋಪಿನ್ ಆ ರೋಗಿಗೆ ಪ್ರಾಣವನ್ನು ಕೊಡುತ್ತದೆ. ಆಸನಗಳಿಗಾಗಿ ನೂಕುವವರು ಹೆಚ್ಚಿದಾಗ ಅವರನ್ನು ತಡೆಯುವವರೂ ಅಷ್ಟೇ ಹೆಚ್ಚಬೇಕು. ಕ್ಲಾರ್ಕನ ಕಪ್ಪೆಯ ಹೃದಯದಲ್ಲಿ ಕಂಡ ನಿಯಮವೇ ರೋಗಿಯ ಹಾಸಿಗೆಯ ಪಕ್ಕದಲ್ಲಿಯೂ ನಡೆಯುತ್ತಿದೆ.

ಇರಲಿ. ಗಣಿತ ಸರಿಹೋಯಿತು, ಆದರೆ ಗ್ರಾಹಿಯೆಲ್ಲಿ? 1950ರ ವೇಳೆಗೂ ಅದು ಸಮೀಕರಣದಲ್ಲಿ ಬರೆಯುವ ಒಂದು ಅಕ್ಷರವೇ ಆಗಿತ್ತು. ಅದನ್ನು ಕಂಡವರಿಲ್ಲ, ತೂಗಿದವರಿಲ್ಲ, ಸೀಸೆಯಲ್ಲಿ ಹಿಡಿದವರಿಲ್ಲ. ಇಂಥ ಅಗೋಚರ ವಸ್ತುವಿನ ಮೇಲೆ ಶಾಸ್ತ್ರವನ್ನು ಕಟ್ಟುವುದರಲ್ಲಿ ಡೇಲನಂಥ ಹಿರಿಯರಿಗೇ ಅಷ್ಟಾಗಿ ಉತ್ಸಾಹವಿರಲಿಲ್ಲ. ಇತಿಹಾಸಕಾರನಿಗೆ ಈ ಸಂಕೋಚ ಅರ್ಥವಾಗುವಂಥದು. ಶಾಸನವೂ ನಾಣ್ಯವೂ ದೊರೆಯದ ರಾಜನೊಬ್ಬನನ್ನು ಇತರರ ಬರಹಗಳ ಆಧಾರದಿಂದ ಊಹಿಸಿ ಕಾಲನಿರ್ಣಯ ಮಾಡುವಾಗ ನಾವೂ ಹೀಗೆಯೇ ಹಿಂದೆಮುಂದೆ ನೋಡುತ್ತೇವಷ್ಟೆ.

ಶಾಸನ ದೊರೆತದ್ದು ವಿಕಿರಣಶೀಲ ಪದಾರ್ಥಗಳ ಸಹಾಯದಿಂದ. ಮದ್ದಿನ ಅಣುವಿನಲ್ಲಿರುವ ಸಾಮಾನ್ಯ ಜಲಜನಕದ ಬದಲು ಟ್ರಿಷಿಯಮ್ ಎಂಬ ವಿಕಿರಣಶೀಲ ಜಲಜನಕವನ್ನು ಸೇರಿಸಿದರೆ, ಆ ಅಣು ಎಲ್ಲಿ ಹೋದರೂ ಯಂತ್ರದಿಂದ ಎಣಿಸಬಹುದು. ಕುರಿಮಂದೆಗೆ ಗುರುತು ಹಾಕಿ ಬಿಟ್ಟಂತೆ. 1965ರಲ್ಲಿ ಪೇಟನ್ ಮತ್ತು ರ‍್ಯಾಂಗ್ ಎಂಬ ಇಂಗ್ಲಿಷ್ ವಿದ್ವಾಂಸರು ಹೀಗೆ ಗುರುತು ಹಾಕಿದ ಅಟ್ರೋಪಿನನ್ನು ಗಿನಿ ಹಂದಿಯ ಕರುಳಿನ ಮಾಂಸಕ್ಕೆ ಕೊಟ್ಟು, ಅದು ಎಷ್ಟು ಹಿಡಿದುಕೊಳ್ಳುತ್ತದೆಂದು ಅಳೆದರು. ಮದ್ದು ಗ್ರಾಹಿಯನ್ನಲ್ಲದೆ ಕೊಬ್ಬು ಮೊದಲಾದ ಬೇರೆ ಬೇರೆ ಜಾಗಗಳಿಗೂ ಅಂಟಿಕೊಳ್ಳುವುದರಿಂದ ಈ ಲೆಕ್ಕ ಸುಲಭವಾಗಿರಲಿಲ್ಲ. ಆದರೂ ಅತ್ಯಲ್ಪ ಪ್ರಮಾಣದಲ್ಲಿಯೇ ತುಂಬಿಹೋಗುವ, ಒಲವು ಬಲವಾಗಿರುವ ಒಂದು ನೆಲೆ ಅಲ್ಲಿರುವುದು ಸ್ಪಷ್ಟವಾಯಿತು.

1974ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಯಮಮೂರ ಮತ್ತು ಸ್ನೈಡರ್ ಎಂಬವರು ಇದೇ ಕೆಲಸವನ್ನು ಮೆದುಳಿನ ಮೇಲೆ ಮಾಡಿದರು. ಅವರು ಆರಿಸಿಕೊಂಡ ಮದ್ದು ಕ್ವಿನ್ಯೂಕ್ಲಿಡಿನೈಲ್ ಬೆಂಜಿಲೇಟ್. ಮಸ್ಕರಿನಿಕ್ ಗ್ರಾಹಿಯನ್ನು ಹಿಡಿದರೆ ಬೇಗ ಬಿಡದ ಸ್ವಭಾವದ್ದು. ಶತ್ರುಸೈನಿಕರ ಬುದ್ಧಿಯನ್ನು ಕೆಡಿಸುವ ಆಯುಧವಾಗಿ ಅಮೆರಿಕದ ಸೇನೆ ಪರೀಕ್ಷಿಸಿದ್ದ ಪದಾರ್ಥವೇ ಅದು. ಪ್ರಯೋಗದ ಕ್ರಮ ಅಡಿಗೆಮನೆಯ ಕೆಲಸದಷ್ಟು ಸರಳವಾಗಿತ್ತು. ಇಲಿಯ ಮೆದುಳನ್ನು ನುಣ್ಣಗೆ ಅರೆದು, ಗುರುತಿನ ಮದ್ದಿನೊಡನೆ ಕಲಸಿ, ಗಾಜಿನ ನಾರಿನ ಶೋಧಕದ ಮೇಲೆ ಸುರಿದು ತಣ್ಣೀರಿನಂಥ ದ್ರಾವಣದಿಂದ ತೊಳೆಯುವುದು. ಉಳಿದ ಗಸಿಯಲ್ಲಿ ಎಷ್ಟು ಮದ್ದು ನಿಂತಿದೆಯೆಂದು ಎಣಿಸುವುದು. ಇನ್ನೊಂದು ನಳಿಗೆಯಲ್ಲಿ ಗುರುತಿಲ್ಲದ ಅಟ್ರೋಪಿನಿನಂಥ ಮದ್ದನ್ನು ಧಾರಾಳವಾಗಿ ಬೆರೆಸಿ ನಿಜವಾದ ಆಸನಗಳನ್ನೆಲ್ಲ ತುಂಬಿಸಿಬಿಡುವುದು. ಆಗಲೂ ಅಂಟಿಕೊಳ್ಳುವ ಗುರುತಿನ ಮದ್ದು ಎಲ್ಲೆಲ್ಲಿಯೋ ಅಂಟಿದ್ದೆಂದು ತಿಳಿದು ಅದನ್ನು ಕಳೆಯುವುದು. ಮಿಕ್ಕಿದ್ದೇ ಗ್ರಾಹಿಯ ಲೆಕ್ಕ. ಮೆದುಳಿನ ಸ್ಟ್ರೈಯೇಟಮ್ ಎಂಬ ಭಾಗದಲ್ಲಿ ಗ್ರಾಹಿಗಳು ಹೆಚ್ಚು, ಕಿರುಮೆದುಳಿನಲ್ಲಿ ಬಹು ಕಡಮೆ ಎಂಬುದು ಹೊರಬಿದ್ದಿತು. ಹೃದಯದಲ್ಲಿಯೂ ಇದೇ ರೀತಿ ಎಣಿಸಲು ಸಾಧ್ಯವಾಯಿತು. ಅಲ್ಲಿನ ಸಂಖ್ಯೆ ಮೆದುಳಿನ ಹೊರಪದರದಲ್ಲಿರುವುದಕ್ಕಿಂತ ಬಹಳ ಕಡಮೆ.

ಅದೇ ದಶಕದಲ್ಲಿ ಲಂಡನ್ನಿನ ಮಿಲ್ ಹಿಲ್ ಬಡಾವಣೆಯ ರಾಷ್ಟ್ರೀಯ ವೈದ್ಯಕೀಯ ಸಂಶೋಧನ ಸಂಸ್ಥೆಯಲ್ಲಿ ಬರ್ಡ್‌ಸಾಲ್, ಬರ್ಗನ್, ಹ್ಯೂಮ್ ಎಂಬ ಮೂವರು ಸೇರಿ ಈ ಕೂಡಿಕೆಯ ರೀತಿಯನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರು. 1978ರಲ್ಲಿ ಅವರು ಪ್ರಕಟಿಸಿದ ಫಲ ವಿಚಿತ್ರವಾಗಿತ್ತು. ಅಟ್ರೋಪಿನಿನಂಥ ತಡೆಮದ್ದುಗಳು ಮೆದುಳಿನ ಗ್ರಾಹಿಗಳಲ್ಲಿ ಭೇದವೆಣಿಸದೆ, ಎಲ್ಲ ಆಸನಗಳೂ ಒಂದೇ ಎಂಬಂತೆ ಕೂಡುತ್ತಿದ್ದವು. ಅಸಿಟೈಲ್‌ಕೋಲೀನಿನಂಥ ಪ್ರೇರಕಗಳಾದರೋ ಹಾಗೆ ಕೂಡುತ್ತಿರಲಿಲ್ಲ. ಕೆಲವು ಆಸನಗಳನ್ನು ಬಿಗಿಯಾಗಿಯೂ ಕೆಲವನ್ನು ಸಡಿಲವಾಗಿಯೂ ಹಿಡಿಯುತ್ತಿದ್ದವು. ಹೃದಯದ ಅಂಗಾಂಶದಲ್ಲಿ ಜಿ.ಟಿ.ಪಿ. ಎಂಬ, ಜೀವಕೋಶಕ್ಕೆ ಸಹಜವಾದ ಪದಾರ್ಥವನ್ನು ಸೇರಿಸಿದರೆ ಬಿಗಿಯಾದ ಹಿಡಿತ ಸಡಿಲವಾಗುವುದನ್ನೂ ಅವರು ಕಂಡರು. ಇದರ ಅರ್ಥ ಮುಂದೆ ವಿಶದವಾಯಿತು. ಪ್ರೇರಕವು ಗ್ರಾಹಿಯಲ್ಲಿ ಕುಳಿತ ಮೇಲೆ ಗ್ರಾಹಿಯು ಒಳಗಡೆಯಿರುವ ಜಿ-ಪ್ರೋಟೀನೆಂಬ ಸೇವಕನ ಕೈಹಿಡಿಯುತ್ತದೆ; ಆ ಕೈ ಹಿಡಿದಿರುವ ತನಕ ಪ್ರೇರಕದ ಮೇಲಿನ ಬಿಗಿಯೂ ಹೆಚ್ಚು. ತಡೆಮದ್ದು ಆಸನದಲ್ಲಿ ಕುಳಿತುಕೊಳ್ಳುವುದೇ ಹೊರತು ಸೇವಕನನ್ನು ಕೂಗುವುದಿಲ್ಲ. ಆಸನವನ್ನು ಆಕ್ರಮಿಸುವುದು ಬೇರೆ, ಆಜ್ಞೆಯನ್ನು ನಡೆಸುವುದು ಬೇರೆ ಎಂಬ ಭೇದ ಹೀಗೆ ನಳಿಗೆಯೊಳಗೇ ಕಂಡುಬಂದಿತು.

ಈಗ ನಮ್ಮ ಕಥೆಯ ಮುಖ್ಯ ಘಟ್ಟಕ್ಕೆ ಬರೋಣ. ಮೆದುಳಿನ ಗ್ರಾಹಿಯೂ ಹೃದಯದ ಗ್ರಾಹಿಯೂ ಒಂದೆಯೋ ಬೇರೆಯೋ? ಅಟ್ರೋಪಿನನ್ನು ಕೇಳಿದರೆ ಎರಡೂ ಒಂದೇ ಎನ್ನುತ್ತದೆ. ಎರಡನ್ನೂ ಅದು ಸರಿಸುಮಾರು ಒಂದೇ ಒಲವಿನಿಂದ ಹಿಡಿಯುತ್ತದೆ. ಗ್ರಾಹಿಗಳಲ್ಲಿ ಎರಡು ಬಗೆಗಳಿರಬಹುದೆಂದು 1978ರಲ್ಲಿ ಗೋಯಲ್ ಮತ್ತು ರತ್ತನ್ ಸೂಚಿಸಿದ್ದರು. 1980ರಲ್ಲಿ ಹ್ಯಾಮರ್ ಎಂಬ ವಿಜ್ಞಾನಿಯು ಮಿಲ್ ಹಿಲ್ಲಿನವರೊಡನೆ ಕೂಡಿ, ಹೊಟ್ಟೆಯ ಹುಣ್ಣಿಗಾಗಿ ತಯಾರಾಗಿದ್ದ ಪೈರೆನ್ಜೆಪಿನ್ ಎಂಬ ಮದ್ದನ್ನು ಈ ಪ್ರಶ್ನೆಗೆ ಒಡ್ಡಿದನು. ಆ ಮದ್ದಿನ ಒಂದು ಗುಣ ವೈದ್ಯರ ಗಮನಕ್ಕೆ ಬಂದಿತ್ತು: ಗುಂಡಿಗೆಯನ್ನು ಅಷ್ಟಾಗಿ ಓಡಿಸದೆಯೇ ಅದು ಹೊಟ್ಟೆಯ ಆಮ್ಲವನ್ನು ತಗ್ಗಿಸುತ್ತಿತ್ತು. ಅಳೆದು ನೋಡಿದಾಗ, ಮೆದುಳಿನ ಹೊರಪದರದ ಗ್ರಾಹಿಗಳನ್ನು ಪೈರೆನ್ಜೆಪಿನ್ ಬಲವಾಗಿ ಹಿಡಿಯಿತು. ಹೃದಯದ ಗ್ರಾಹಿಗಳ ಮೇಲೆ ಅದರ ಒಲವು ಹತ್ತಾರು ಪಟ್ಟು ಕಡಮೆಯಾಗಿತ್ತು. ಅವಳಿಗಳಂತೆ ಕಾಣುತ್ತಿದ್ದ ಇಬ್ಬರನ್ನು ಬೇರ್ಪಡಿಸಿ ಗುರುತಿಸಬಲ್ಲ ಸಾಕ್ಷಿ ಮೊದಲ ಬಾರಿಗೆ ದೊರೆತಂತಾಯಿತು. ಮೆದುಳಿನ ಹೊರಪದರದಲ್ಲಿ ಹೇರಳವಾಗಿದ್ದ ಬಗೆಯನ್ನು ಎಂ1 ಎಂದೂ ಹೃದಯದ್ದನ್ನು ಎಂ2 ಎಂದೂ ಕರೆದರು. ಕೆಲವು ವರ್ಷಗಳಲ್ಲಿಯೇ ಇದಕ್ಕೆ ವಿರುದ್ಧವಾಗಿ ಹೃದಯದ ಬಗೆಯನ್ನು ಹೆಚ್ಚಾಗಿ ಹಿಡಿಯುವ ಮದ್ದುಗಳೂ ತಯಾರಾದವು.

ಬಳಿಕ ಬಂದವರು ಅನುವಂಶಿಕ ಶಾಸ್ತ್ರದವರು. 1986ರಲ್ಲಿ ಜಪಾನಿನ ಕಿಯೋಟೋ ನಗರದಲ್ಲಿ ನೂಮ ಎಂಬ ಪ್ರಾಧ್ಯಾಪಕನ ತಂಡವು ಹಂದಿಯ ಮೆದುಳಿನಿಂದ ಎಂ1 ಗ್ರಾಹಿಯ ಜೀನನ್ನು ಬೇರ್ಪಡಿಸಿ ಅದರ ಅಕ್ಷರಮಾಲೆಯನ್ನು ಓದಿತು. ಹೃದಯದ ಎಂ2 ಕೂಡ ಬೇಗನೆ ಓದಲ್ಪಟ್ಟಿತು. 1987 ಮತ್ತು 1988ರಲ್ಲಿ ಅಮೆರಿಕದ ಬಾನರ್ ಮತ್ತು ಸಂಗಡಿಗರ ಕೆಲಸದಿಂದ ಒಟ್ಟು ಐವರು ಒಡಹುಟ್ಟಿದವರಿರುವುದು ತಿಳಿಯಿತು. ಎಂ1 ಮೆದುಳಿನ ಹೊರಪದರದಲ್ಲಿಯೂ ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ಸಿನಲ್ಲಿಯೂ ಹೆಚ್ಚು, ಎಂ2 ಹೃದಯದಲ್ಲಿ, ಎಂ3 ಗ್ರಂಥಿ ಮತ್ತು ಕರುಳುಗಳಲ್ಲಿ, ಎಂ4 ಸ್ಟ್ರೈಯೇಟಮ್ಮಿನಲ್ಲಿ, ಎಂ5 ನಡುಮೆದುಳಿನ ಕೆಲವೇ ಕೋಶಗಳಲ್ಲಿ. ಒಂದೇ ರಸ ಬಂದು ಕುಳಿತರೂ ಇವು ನಡೆಸುವ ಕೆಲಸ ಒಂದೇ ಅಲ್ಲ. ಹೃದಯದಲ್ಲಿ ಎಂ2 ಪ್ರೇರಿತವಾದರೆ ಪೊಟ್ಯಾಸಿಯಮ್ಮಿನ ಬಾಗಿಲುಗಳು ತೆರೆಯುತ್ತವೆ, ಪೊಟ್ಯಾಸಿಯಮ್ ಹೊರಕ್ಕೆ ಹರಿದು ಕೋಶ ಶಾಂತವಾಗುತ್ತದೆ, ಬಡಿತ ತಗ್ಗುತ್ತದೆ. ಮೆದುಳಿನ ಕೋಶದಲ್ಲಿ ಎಂ1 ಪ್ರೇರಿತವಾದರೆ ಬೇರೊಂದು ಬಗೆಯ ಪೊಟ್ಯಾಸಿಯಮ್ ಬಾಗಿಲುಗಳು ಮುಚ್ಚುತ್ತವೆ. ಕೋಶ ಎಚ್ಚರಗೊಂಡು ಸುಲಭವಾಗಿ ಪ್ರತಿಕ್ರಿಯೆ ತೋರುತ್ತದೆ. ಗುಂಡಿಗೆಗೆ ನಿಧಾನವಾಗೆಂದು ಹೇಳುವ ರಸವೇ ಮೆದುಳಿಗೆ ಎಚ್ಚರವಾಗಿರೆಂದು ಹೇಳುತ್ತದೆ. ಮದಗುಣಿಕೆ ತಿಂದವನಲ್ಲಿ ಈ ಎರಡು ಮಾತೂ ಅಡಗಿಹೋಗುವುದರಿಂದಲೇ ಗುಂಡಿಗೆ ಓಡುತ್ತದೆ, ಬುದ್ಧಿ ಮಂಕಾಗುತ್ತದೆ.

ಕಡೆಗೆ 2012ರಲ್ಲಿ ಗ್ರಾಹಿಯು ಕಣ್ಣಿಗೆ ಗೋಚರವಾಯಿತು. ಜಪಾನಿನ ಹಾಗ, ಕೊಬಯಾಷಿ ಮತ್ತು ಅಮೆರಿಕದ ಕೋಬಿಲ್ಕ ಮೊದಲಾದವರು ಎಂ2 ಗ್ರಾಹಿಯನ್ನು ಹರಳುಗಟ್ಟಿಸಿ, ಎಕ್ಸ್ ಕಿರಣಗಳಿಂದ ಅದರ ಆಕಾರವನ್ನು ಪರಮಾಣುಗಳ ಮಟ್ಟದಲ್ಲಿ ತೋರಿಸಿದರು. ಅದೇ ವರ್ಷ ಎಂ3 ಗ್ರಾಹಿಯ ಆಕಾರವೂ ಪ್ರಕಟವಾಯಿತು. ಕೋಶದ ಪೊರೆಯನ್ನು ಏಳು ಸಲ ಹಾದುಹೋಗುವ ಸುರುಳಿಗಳ ನಡುವೆ, ಒಳಗೆ ಆಳದಲ್ಲಿ, ಮದ್ದಿನ ಆಸನ. ಅಲ್ಲಿ ಋಣವಿದ್ಯುತ್ತಿರುವ ಆಸ್ಪಾರ್ಟೇಟ್ ಎಂಬ ಘಟಕವು ಮದ್ದಿನ ಧನವಿದ್ಯುತ್ತಿನ ಸಾರಜನಕವನ್ನು ಸೆಳೆದು ನಿಲ್ಲಿಸುತ್ತದೆ; ಮೇಲುಗಡೆ ಮೂರು ಟೈರೊಸಿನ್ ಘಟಕಗಳು ಮುಚ್ಚಳದಂತೆ ಕವಿಯುತ್ತವೆ. ನಮ್ಮ ದೇವಸ್ಥಾನಗಳ ಹೋಲಿಕೆಯಲ್ಲಿ ಹೇಳುವುದಾದರೆ ಇದು ಗರ್ಭಗುಡಿ. ಐದು ಗ್ರಾಹಿಗಳಲ್ಲಿಯೂ ಈ ಗರ್ಭಗುಡಿ ಬಹುಮಟ್ಟಿಗೆ ಒಂದೇ ಸಮನಾಗಿದೆ. ಐದರಲ್ಲಿಯೂ ನೆಲಸಬೇಕಾದ ರಸ ಒಂದೇ ಆದ್ದರಿಂದ ಬೇರೆ ರೀತಿಯಾಗಿರುವುದು ಹೇಗೆ? ಅಟ್ರೋಪಿನ್ ಮೆದುಳಿಗೂ ಹೃದಯಕ್ಕೂ ಭೇದವೆಣಿಸದಿರುವ ಗುಟ್ಟು ಇದೇ. ಭೇದವಿರುವುದು ಹೊರಗಿನ ಮುಖಮಂಟಪದಲ್ಲಿ. ಅಲ್ಲಿಯೂ ಮದ್ದು ನಿಲ್ಲಬಲ್ಲದೆಂಬುದು ಇದಕ್ಕೆ ಮೊದಲೇ ತಿಳಿದಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಮಾಂಸಖಂಡಗಳನ್ನು ಸಡಿಲಿಸಲು ಬಳಸುತ್ತಿದ್ದ ಗ್ಯಾಲಮೀನ್ ಎಂಬ ಮದ್ದು ಹೃದಯದ ಗ್ರಾಹಿಯ ಮೇಲೆ ನಡೆಸುವ ಕೆಲಸ ಸಾಮಾನ್ಯ ಪೈಪೋಟಿಯ ನಿಯಮಕ್ಕೆ ಒಗ್ಗುವುದಿಲ್ಲವೆಂದು 1976ರಲ್ಲಿ ಕ್ಲಾರ್ಕ್ ಮತ್ತು ಮಿಚೆಲ್ಸನ್ ತೋರಿಸಿದ್ದರು. ಈ ಕ್ಲಾರ್ಕ್ ಹಿಂದೆ ಹೇಳಿದ ಕ್ಲಾರ್ಕನಲ್ಲ. ಅದು ಬಾಗಿಲಲ್ಲಿ ನಿಂತು, ಒಳಗಿರುವ ಮದ್ದು ಹೊರಬರುವುದನ್ನು ನಿಧಾನಗೊಳಿಸುತ್ತದೆ.

ಈ ಸೂಕ್ಷ್ಮಗಳಿಂದ ರೋಗಿಗೆ ಏನು ಪ್ರಯೋಜನವೆಂದು ಕೇಳುವುದು ನ್ಯಾಯವೇ. ವಯಸ್ಸಾದವರ ಮೂತ್ರಬಾಧೆಗೆ ಕೊಡುವ ಕೆಲವು ಮದ್ದುಗಳೂ ನೆಗಡಿಯ ಕೆಲವು ಹಳೆಯ ಮಾತ್ರೆಗಳೂ ಮೆದುಳಿನೊಳಕ್ಕೆ ನುಸುಳಿ ಅಲ್ಲಿನ ಗ್ರಾಹಿಗಳನ್ನು ತಡೆಯಬಲ್ಲವು. ಮನೆಯ ಹಿರಿಯರಿಗೆ ಇದ್ದಕ್ಕಿದ್ದಂತೆ ಮರೆವೂ ಗಲಿಬಿಲಿಯೂ ಬಂದಾಗ ವಯಸ್ಸಾಯಿತೆಂದು ನಾವು ಸುಮ್ಮನಾಗುತ್ತೇವೆ. ಕೆಲವು ವೇಳೆ ತಪ್ಪು ವಯಸ್ಸಿನದಾಗಿರದೆ ಮಾತ್ರೆಯದಾಗಿರುತ್ತದೆ. ಅವರು ಸೇವಿಸುವ ಔಷಧಗಳೆಲ್ಲವನ್ನೂ ವೈದ್ಯರ ಮುಂದೆ ಒಟ್ಟಿಗೆ ಇಟ್ಟು ತೋರಿಸುವುದು ಒಳ್ಳೆಯದು. ಇನ್ನೊಂದು ಉದಾಹರಣೆ ಹೊಸದು. ಕ್ಸಾನೊಮೆಲಿನ್ ಎಂಬ ಪ್ರೇರಕವನ್ನು 1990ರ ದಶಕದಲ್ಲಿ ಆಲ್ಜೈಮರ್ ರೋಗಿಗಳಿಗೆ ಕೊಟ್ಟು ನೋಡಿದಾಗ ಅವರ ಭ್ರಮೆಗಳು ತಗ್ಗಿದವು. ಆದರೆ ಹೊಟ್ಟೆ ತೊಳಸಿ ವಾಂತಿಯಾಗಿ ಅನೇಕರು ಅದನ್ನು ಬಿಡಬೇಕಾಯಿತು. ಬಹುಕಾಲದ ಮೇಲೆ ಟ್ರಾಸ್ಪಿಯಮ್ ಎಂಬ ತಡೆಮದ್ದನ್ನು ಅದರ ಜೊತೆಗೆ ಸೇರಿಸಿದರು. ಟ್ರಾಸ್ಪಿಯಮ್ ಮೆದುಳಿನೊಳಕ್ಕೆ ಹೋಗಲಾರದು. ಹೊರಗೆ ಉಳಿದು ಕರುಳು ಮೊದಲಾದವನ್ನು ಕಾಯುತ್ತದೆ. ಕ್ಸಾನೊಮೆಲಿನ್ ಒಳಗೆ ತನ್ನ ಕೆಲಸ ಮಾಡುತ್ತದೆ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸರಕಾರವು ಈ ಜೋಡಿಯನ್ನು ಸ್ಕಿಜೊಫ್ರೀನಿಯವೆಂಬ ಮನೋರೋಗಕ್ಕೆ ಒಪ್ಪಿತು. ಹೃದಯದ ಬಡಿತ ಏರಬಹುದೆಂಬ ಎಚ್ಚರಿಕೆ ಅದರೊಡನೆ ಇದ್ದೇ ಇದೆ. ಅದೇ ವರ್ಷದ ನವೆಂಬರಿನಲ್ಲಿ, ಎಂ4ರ ಮುಖಮಂಟಪಕ್ಕೇ ಹೊಂದುವಂತೆ ರಚಿಸಿದ್ದ ಎಮ್ರಾಕ್ಲಿಡಿನ್ ಎಂಬ ಮದ್ದು ಅದೇ ರೋಗದ ಪರೀಕ್ಷೆಯಲ್ಲಿ ನಿರೀಕ್ಷಿಸಿದ ಫಲವನ್ನು ಕೊಡಲಿಲ್ಲ. ಬೀಗದ ಆಕಾರ ತಿಳಿದ ಮಾತ್ರಕ್ಕೆ ಮನೆಯೊಳಗಿನ ಕಷ್ಟವೆಲ್ಲ ತೀರುವುದಿಲ್ಲ.

ಲ್ಯಾಂಗ್ಲಿ ತರುಣನಾಗಿ ಬರೆದ ಆ ಎಚ್ಚರಿಕೆಯ ಮಾತಿಗೂ 2012ರ ಚಿತ್ರಕ್ಕೂ ನಡುವೆ 134 ವರ್ಷಗಳು ಕಳೆದವು. ಆತನು ಯಾವುದೋ ಒಂದು ಪದಾರ್ಥವಿರಬೇಕೆಂದನೇ ಹೊರತು, ಅದು ಹೀಗೆಯೇ ಇದೆಯೆಂದು ಸಾಧಿಸಲು ಹೋಗಲಿಲ್ಲ. ಕಂಡದ್ದಕ್ಕಿಂತ ಹೆಚ್ಚನ್ನು ಹೇಳಲಿಲ್ಲ, ಕಂಡದ್ದನ್ನು ಬಿಟ್ಟುಕೊಡಲೂ ಇಲ್ಲ. ಮುಂದಿನವರು ಎಣಿಸಿ, ತೂಗಿ, ಹರಳುಗಟ್ಟಿಸಿ ನೋಡಿದಾಗ ಆ ಪದಾರ್ಥ ಆತನು ಹೇಳಿದಂತೆಯೇ ಎರಡು ಮದ್ದುಗಳಿಗೂ ಎಡೆಗೊಡುವಂಥದಾಗಿತ್ತು. ನಾಳೆ ದಾರಿಯ ಬದಿಯಲ್ಲಿ ಮದಗುಣಿಕೆಯ ಮುಳ್ಳುಕಾಯಿಯನ್ನು ಕಂಡರೆ ಮಕ್ಕಳನ್ನು ಮೊದಲು ದೂರ ಕರೆದುಕೊಳ್ಳೋಣ. ಆಮೇಲೆ, ಅವರು ಏಕೆಂದು ಕೇಳಿದರೆ, ಆ ಬೀಜಕ್ಕೆ ನಮ್ಮ ಗುಂಡಿಗೆಯಲ್ಲಿಯೂ ಮೆದುಳಿನಲ್ಲಿಯೂ ಕಾದಿರುವ ಆಸನಗಳ ಕಥೆಯನ್ನು ಹೇಳಲು ನಮಗೆ ಅಡ್ಡಿಯಿಲ್ಲ.